ಅಕ್ಕನ ಕೈಯ ಬೋಣಿ

ಜೂಜಾಡಿ ಹಾಳಾದವರು ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಊರವರ ಬೆರಳಿನಿಂದ ಜೂಜಾಡಿಸಿ ತಾವು ಹಾಳಾದವರು ನಮ್ಮ ಭಾವ ಒಬ್ಬರೇ! ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೊಟ್ಟೆ ಉರಿದುಕೊಂಡು ಹೇಳುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವೆಲ್ಲ ಬಂದು ನೆಲೆಸಿದ ಈ ಪರದೇಶದಲ್ಲಿ, ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ, ಪುಚೊಂಗಿನಲ್ಲಿ ಮನೆ. ಸಿಗರೇಟಿಲ್ಲ, ಕುಡಿತವಿಲ್ಲ. ಇರುವ ಕಾಯಿಲೆ ಒಂದೇ, ಕೈಗುಣದ ಹುಚ್ಚು. ಯಾವ ಕೆಲಸವನ್ನೂ ತಮ್ಮ ಕೈಯಿಂದ ಶುರು ಮಾಡುವವರಲ್ಲ. ಕೈಗುಣ ಚೆನ್ನಾಗಿರುವವರನ್ನು ಹುಡುಕಿ ಬೋಣಿ ಮಾಡಿಸಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಪಕ್ಕದ ಮನೆಯ ತಮಿಳು ಅಜ್ಜಿಯನ್ನು, ನಮ್ಮೆಲ್ಲರ ಬಾಯಲ್ಲಿ ಪಾಟಿಯನ್ನು, ಕೂರಿಸಿ ಕೀಲಿ ತಿರುಗಿಸಲು ಹೇಳಿದರು. ಪಾಟಿಗೆ ಕಾರೇ ಗೊತ್ತಿಲ್ಲ, ಗೇರಿನಲ್ಲಿ ನಿಲ್ಲಿಸಿದ್ದು ಭಾವನಿಗೆ ನೆನಪಿಲ್ಲ! ಕಾರು ಒಂದೇ ನೆಗೆತಕ್ಕೆ ಅಕ್ಕನ ಕರಿಬೇವಿನ ಕುಂಡವನ್ನು ಪುಡಿ ಮಾಡಿತು. "ಸದ್ಯ, ದೃಷ್ಟಿ ಕಳೀತು" ಎಂದರು ಭಾವ.

ಇಂಥವರ ಫೋನಿಗೆ ಆನ್‌ಲೈನ್ ಕ್ಯಾಸಿನೊ ಬಂದು ಕೂತರೆ ಏನಾಗಬೇಕು ಹೇಳಿ? ಅದರಲ್ಲೊಂದು ಬಣ್ಣದ ಚಕ್ರ, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ತಿರುಗುತ್ತದೆ, ನಿಂತರೆ ದುಡ್ಡು ಹೋಗಿರುತ್ತದೆ. ಭಾವ ಒತ್ತುವವರಲ್ಲವಲ್ಲ! ಕೈಗುಣದವರಿಗೆಲ್ಲ ಪಾಸ್‌ವರ್ಡ್ ಹಂಚಿದರು. ಒಂದು ದಿನ ಪಾಟಿಯ ಫೋನಿನಿಂದ ಬೋಣಿ, ಇನ್ನೊಂದು ದಿನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಚಹಾವನ್ನು ಎತ್ತರದಿಂದ ಎಳೆದು ಸುರಿಯುವ ಅಣ್ಣನಿಂದ. ಬಾಂಗ್ಸಾರಿನಲ್ಲಿರುವ ನನ್ನ ಮಗಳಿಗೂ ಫೋನು ಬಂತು.

"ಪುಟ್ಟೀ, ಒಂದೇ ಒಂದು ಸಲ ಒತ್ತು ಕಂದಾ."

"ದೊಡ್ಡಪ್ಪ, ಜಸ್ಟ್ ಪ್ರೆಸ್ ಇಟ್ ಯುವರ್‌ಸೆಲ್ಫ್ ಲಾ!"

ಅವಳಿಗಿದ್ದ ಬುದ್ಧಿ ಅವರಿಗಿದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಊರಿಗೆಲ್ಲ ಹಂಚಿದ ಪಾಸ್‌ವರ್ಡ್ ಅಕ್ಕನಿಗೆ ಮಾತ್ರ ಸಿಕ್ಕಿರಲಿಲ್ಲ. ಅವಳಿಗೆ ಕೈಗುಣವಿಲ್ಲ ಎನ್ನುವುದು ನಮ್ಮ ಮನೆತನದ ತೀರ್ಮಾನ. ಚಿಕ್ಕವಳಿದ್ದಾಗ ಅವಳು ಕಲಸಿದ ಉಪ್ಪಿನಕಾಯಿಗೆ ಬೂಸ್ಟು ಬಂದಿತ್ತಂತೆ. ಅಷ್ಟೇ! ಅಮ್ಮ ಮತ್ತೆ ಅವಳನ್ನು ಜಾಡಿಯ ಹತ್ತಿರ ಬಿಡಲಿಲ್ಲ. ಮದುವೆಯಾಗಿ ಹೋದರೆ ಆ ಹೆಸರು ಅವಳಿಗಿಂತ ಮೊದಲೇ ಅತ್ತೆಮನೆ ತಲುಪಿತ್ತು. ಪುಚೊಂಗಿನ ಕನ್ನಡದವರು, ತಮಿಳರು ಎಲ್ಲ ಅವಳ ಚಕ್ಕುಲಿಗೆ ಮುಗಿಬೀಳುತ್ತಾರೆ. ಯಾರಾದರೂ ಹೊಗಳಿದರೆ "ಹಿಟ್ಟು ಚೆನ್ನಾಗಿತ್ತು" ಎನ್ನುತ್ತಾಳೆ. ಇವತ್ತಿಗೂ ಮೊದಲ ಚಕ್ಕುಲಿಯನ್ನು ತಾನು ಎಣ್ಣೆಗೆ ಬಿಡುವುದಿಲ್ಲ, ಪಾಟಿ ಬಂದು ಬಿಡಬೇಕು. ಆ ಚಕ್ಕುಲಿಯ ದುಡ್ಡಿನಲ್ಲೇ ಚೀಟಿ ಹಾಕಿ, ಮನೆ ಹತ್ತಿರ ಒಂದು ಪುಟ್ಟ ಅಂಗಡಿಗೆ ಅಡ್ವಾನ್ಸ್ ಕೂಡಿಸಿದ್ದಳು. ಭಾವನ ಚಕ್ರ ಅದನ್ನು ನುಣ್ಣಗೆ ನುಂಗಿಹಾಕಿತು. ನಾನಾಗಿದ್ದರೆ ಆ ಮನುಷ್ಯನನ್ನು ಮನೆಯಿಂದ ಆಚೆ ಹಾಕುತ್ತಿದ್ದೆ. ಅಕ್ಕ ಬಡಿಸಿದ ಅನ್ನಕ್ಕೆ ತುಪ್ಪ ಹಾಕುವುದನ್ನು ನಿಲ್ಲಿಸಿದಳು, ಅದೂ ಒಂದು ವಾರ!

ಕೊನೆಗೊಂದು ಸಂಜೆ ಬಂದರಿನಿಂದ ಭಾವ ಅವಳಿಗೇ ಫೋನು ಮಾಡಿದರು. ಪಾಟಿ ದೇವಸ್ಥಾನಕ್ಕೆ ಹೋಗಿದ್ದರು, ಚಹಾದ ಅಣ್ಣ ರಜೆಯ ಮೇಲಿದ್ದ, ನನ್ನ ಮಗಳು ಫೋನು ಎತ್ತಲಿಲ್ಲ. "ಬೇರೆ ಯಾರೂ ಸಿಗ್ಲಿಲ್ಲ ಕಣೇ, ನೀನೇ ಒತ್ತಿಬಿಡು, ಉಳಿದಿರೋದೂ ಹೋಗ್ಲಿ" ಎಂದು ಪಾಸ್‌ವರ್ಡ್ ಹೇಳಿದರು. ಎಂಥ ಪ್ರೀತಿಯ ಕರೆ ನೋಡಿ! ಅಕ್ಕ ತನ್ನ ಫೋನಿನಲ್ಲಿ ಒತ್ತಿದಳು. ಬಂತು! ಹೋದದ್ದೆಲ್ಲ ಬಂದು, ಮೇಲೆ ಇನ್ನಷ್ಟು ಬಂತು.

ಹಣ ತೆಗೆಯಲು ಹೋದ ಮರುದಿನವೇ ಖಾತೆ ಬಂದ್. ಒಂದೇ ಖಾತೆಯಲ್ಲಿ ಹಲವು ಫೋನುಗಳಿಂದ ಹಲವು ಜನ ಆಡಿದ್ದಾರೆ, ನಿಯಮ ಮುರಿದಿದ್ದಾರೆ, ಹಣ ತಡೆಹಿಡಿಯಲಾಗಿದೆ ಎಂದು ಸಂದೇಶ. ಸೋಲುವಾಗ ಎಷ್ಟು ಬೆರಳಾದರೂ ನಡೆಯುತ್ತಿತ್ತು ಈ ಕಳ್ಳರಿಗೆ! ಪಾಟಿಯ ಬೆರಳು ಕಳೆದಾಗ ಕಾಣದ ನಿಯಮ ಅಕ್ಕನ ಬೆರಳು ಗೆದ್ದಾಗ ಕಾಣಿಸಿತೆ?

ಭಾವ ಜಗಳಕ್ಕೆ ಇಳಿದರು. ಅವರ ಜಗಳವೋ! ಎದುರಿಗೆ ಉತ್ತರಿಸುತ್ತಿದ್ದದ್ದು ಒಂದು ಯಂತ್ರ, ಅದಕ್ಕೊಂದು ಹುಡುಗಿಯ ಫೋಟೊ. ಭಾವ ದಿನಾ ಮೊದಲು "ಊಟ ಆಯ್ತೇನಮ್ಮಾ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ಕಷ್ಟ ಹೇಳಿಕೊಳ್ಳುತ್ತಿದ್ದರು. ಅದು ದಿನಾ ಅವರನ್ನು ಅಮೂಲ್ಯ ಗ್ರಾಹಕರೇ ಎಂದು ಕರೆದು, ಕಾಯಿರಿ ಎನ್ನುತ್ತಿತ್ತು. ಕಂಪನಿಯ ಲೈಸೆನ್ಸು ಯಾವುದೋ ದ್ವೀಪದ್ದು. ಜಗತ್ತಿಗೆಲ್ಲ ಕಂಟೇನರ್ ಕಳಿಸುವ ಭಾವನಿಗೇ ಆ ದ್ವೀಪ ಎಲ್ಲಿದೆ ಎಂದು ಗೊತ್ತಿಲ್ಲ! ಪೊಲೀಸರಿಗೆ ದೂರು ಕೊಡುತ್ತೇನೆಂದು ಒಂದು ದಿನ ಹೊರಟರು. ಈ ದೇಶದಲ್ಲಿ ಆ ಆಟವೇ ಅಪರಾಧ ಎನ್ನುವುದು ಸ್ಟೇಷನ್ನಿನ ಗೇಟಿನ ಮುಂದೆ ನೆನಪಾಯಿತು. ಎದುರಿನ ಅಂಗಡಿಯಲ್ಲಿ ರೊಟ್ಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು, ಅದನ್ನೇ ತರಲು ಹೋದವರ ಹಾಗೆ ವಾಪಸು ಬಂದರು.

ಕೊನೆಗೆ ನಾನೇ ಭಾನುವಾರ ಅವರ ಮನೆಗೆ ಹೋಗಿ ಫೋನು ಕಿತ್ತುಕೊಂಡೆ. ಕಟುವಾಗಿ ಬರೆದೆ, ನಿಮ್ಮ ಬಣ್ಣ ಎಲ್ಲ ಕಡೆ ಬಯಲು ಮಾಡುತ್ತೇನೆ ಎಂದು ಹೆದರಿಸಿದೆ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಗೆದ್ದ ದಿನ ಆಡಿದ್ದು ನೀವೊಬ್ಬರೇ, ಆ ಫೋನೂ ನಿಮ್ಮದೇ ಎಂದು ದೃಢಪಡಿಸಿದರೆ ಹಣ ಬಿಡುತ್ತೇವೆ. ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ.

"ಹೌದು ಅಂತ ಒತ್ತಿ ಭಾವ, ಬೇಗ!"

ಭಾವ ಕೈ ಹಿಂದಕ್ಕೆ ಕಟ್ಟಿಕೊಂಡರು. "ಆವತ್ತು ಒತ್ತಿದ್ದು ನಾನಲ್ವಲ್ಲಮ್ಮಾ."

"ಅವರೇನು ಹರಿಶ್ಚಂದ್ರರಾ? ಕಳ್ಳರಿಗೆ ಒಂದು ಸುಳ್ಳು ಹೇಳಿದ್ರೆ ಏನ್ರೀ ಹೋಗುತ್ತೆ? ಅದು ಅಕ್ಕನ ಅಂಗಡಿ ದುಡ್ಡು!"

"ಗೊತ್ತಮ್ಮಾ. ನಾನೇ ಕಳೆದಿದ್ದು, ದುಡಿದು ನಾನೇ ತುಂಬ್ತೀನಿ" ಎಂದರು. ಆಮೇಲೆ ದನಿ ತಗ್ಗಿತು. "ಇಷ್ಟು ವರ್ಷ ಎಲ್ಲರೂ ಇವಳ ಕೈ ಸರಿಯಿಲ್ಲ ಅಂದ್ರು. ನಾನೂ ಅಂದೆ. ಒಂದೇ ಒಂದು ಸಲ ಇವಳ ಕೈಯಿಂದ ಬಂತು. ಅದೂ ಇವಳ ಕೈ ಅಲ್ಲ ಅಂತ ನನ್ನ ಬಾಯಲ್ಲೇ ಹೇಳಿಸ್ತೀಯಾ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಚಕ್ಕುಲಿ ಒರಳು. ಒಲೆಯ ಮೇಲೆ ಎಣ್ಣೆ ಕಾದಿತ್ತು, ಪಾಟಿ ಇನ್ನೂ ಬಂದಿರಲಿಲ್ಲ. ಭಾವ ನನ್ನ ಕೈಯಿಂದ ಫೋನು ತೆಗೆದುಕೊಂಡು ಅವಳ ಮುಂದೆ ಹಿಡಿದರು.

"ನಿನ್ನ ದುಡ್ಡು, ನಿನ್ನ ಕೈ. ಯಾವುದು ಬೇಕೋ ನೀನೇ ಒತ್ತು."

ಅಕ್ಕ ಒರಳನ್ನು ಕೆಳಗಿಟ್ಟು, ಬೆರಳಿಗಂಟಿದ ಹಿಟ್ಟನ್ನು ಟವೆಲಿಗೆ ಒರೆಸಿಕೊಂಡಳು. 'ಇಲ್ಲ' ಎಂದು ಒತ್ತಿದಳು. ಹಣ ಹೋಯಿತು. ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

"ಪಾಟೀನ ಕರ್ಕೊಂಡು ಬರ್ಲೇನೇ?" ಎಂದು ಭಾವ ಚಪ್ಪಲಿ ಹುಡುಕತೊಡಗಿದರು.

"ಏನೂ ಬೇಡ" ಎಂದು ಅಕ್ಕ ಒಳಗೆ ಹೋಗಿ, ಮೊದಲ ಚಕ್ಕುಲಿಯನ್ನು ತಾನೇ ಎಣ್ಣೆಗೆ ಬಿಟ್ಟಳು.