ನಮ್ಮತ್ತಿಯ ಐದು ಕಿಲೋಮೀಟರ್

ನಮ್ಮ ಸೋದರತ್ತಿ ದಿನಾ ಮುಂಜಾನೆ ಐದು ಕಿಲೋಮೀಟರ್ ಓಡುತ್ತಿದ್ದಳು ಎಂದರೆ ನೀವು ನಂಬಬೇಕು. ಆ ಓಟದಲ್ಲಿ ಎಮ್ಮೆಗಳು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು ಎಂದರೆ ಅದನ್ನೂ ನಂಬಬೇಕು! ಕೈಗಳು ಓಡುತ್ತಿದ್ದವು, ಸೆರಗು ಓಡುತ್ತಿತ್ತು, ಬಾಯಂತೂ ಎಲ್ಲಕ್ಕಿಂತ ಮುಂದೆ. ಕಾಲುಗಳು ಮಾತ್ರ ತಮಗೆ ಬಿಡುವಾದಾಗ ಬರುತ್ತಿದ್ದವು.

ಅತ್ತಿ ಸುರಪುರದ ಸುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಮಾಮ ತೀರಿಕೊಂಡು ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಅವಳು ರಿಟೈರ್ ಆದ ತಿಂಗಳಲ್ಲೇ ನನಗೆ ಸುರಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು. ರಂಗಂಪೇಟೆಯ ಅವಳ ಮನೆಗೆ ಪೆಟ್ಟಿಗೆ ಹಿಡಿದು ಹೋದೆ. ಮರುದಿನ ಇನ್ನೂ ಬೆಳಕು ಹರಿದಿರಲಿಲ್ಲ, ಹೊದಿಕೆ ಎಳೆದಳು.

"ಏಳವ್ವ, ಓಡಾಕ ಹೋಗೂಣು. ಡಾಕ್ಟರ್ ಹೇಳ್ಯಾರ, ನನಗ ಸಕ್ಕರಿ ಬಂದದಂತ."

"ನನಗ ಓಡಾಕ ಬರಂಗಿಲ್ಲ ಅತ್ತಿ."

"ನನಗರ ಎಲ್ಲಿ ಬರ್ತದ? ಏಳು!"

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಾಮನ ಹಳೆಯ ಕ್ಯಾನ್ವಾಸ್ ಬೂಟಿನ ತುದಿಗೆ ಅರಿವೆ ತುರುಕಿ ಹೊರಟಳು. ಬಂಡೆಗುಡ್ಡದ ಬುಡದ ಬಂಡಿದಾರಿ, ತೊಗರಿ ಹೊಲ, ಕಾಲುವೆ ದಂಡೆ, ನಲವತ್ತು ಮನೆಗಳ ಒಂದು ಸಣ್ಣ ಹಳ್ಳಿ, ಅಲ್ಲಿಂದ ಭತ್ತದ ಗದ್ದೆ ಬಳಸಿ ಮತ್ತೆ ಮನೆ. ಬಳೆಯಂತೆ ದುಂಡನೆಯ ದಾರಿ.

ಆ ಮೊದಲ ದಿನ ಹಳ್ಳಿ ಹೊಕ್ಕೆವು ನೋಡಿ, ಹೆಂಗಸರೆಲ್ಲ ಕೊಡ ಇಳಿಸಿ ನಮ್ಮ ಹಿಂದೆ ಓಡತೊಡಗಿದರು. "ಬಾಯಾರ, ಯಾರಿಗ್ರಿ ಬ್ಯಾನಿ ಹತ್ಯಾವ?" ಹೆರಿಗೆಯಿಲ್ಲದೆ ನರ್ಸಬಾಯಾರು ಓಡಿದ್ದನ್ನು ಆ ಊರು ಕಂಡಿದ್ದರಲ್ಲವೇ! ಊರ ತುದಿ ಮುಟ್ಟುವಾಗ ಹನ್ನೆರಡು ಹೆಂಗಸರು, ಜೊತೆಗೆ ಕಾಸಿದ ನೀರಿನ ಪಾತ್ರೆ ಹೊತ್ತ ಒಬ್ಬ ಮುದುಕಿ.

"ಯಾರಿಗೂ ಏನೂ ಆಗಿಲ್ಲ, ನನಗ ಸಕ್ಕರಿ ಬಂದದ," ಎಂದಳು ಅತ್ತಿ, ನಿಂತಲ್ಲೇ ಕುಣಿಯುತ್ತ.

"ಹಂಗಾರ ಈ ನೀರು ಏನ್ ಮಾಡ್ಲಿ?" ಮುದುಕಿಗೆ ಸಿಟ್ಟು.

"ಜಳಕಾ ಮಾಡು!"

ತಿರುಗಿ ಬರುವುದು ಎಂಬ ಮಾತು ಅವಳ ಓಟದಲ್ಲೇ ಇರಲಿಲ್ಲ. ಒಂದು ದಿನ ಅರ್ಧ ಕಿಲೋಮೀಟರ್ ಹೋದಮೇಲೆ ಹಣೆ ಬಡಿದುಕೊಂಡಳು. "ಒಲಿ ಮ್ಯಾಲ ಹಾಲಿಟ್ಟು ಬಂದೀನಿ!"

"ತಿರುಗು ಅತ್ತಿ, ಓಡು!"

"ಯಾಕ? ಮುಂದ ಹೋದ್ರೂ ನಮ್ಮನಿನೇ ಬರ್ತದಲ್ಲ!"

ನಾನಾದರೂ ಓಡಿ ಹೋಗೋಣವೆಂದರೆ ಕೈ ಬಿಟ್ಟರೆ ತಾನೆ? ಇಡೀ ಸುತ್ತು ಮುಗಿಸಿ ಬಂದಾಗ ಹಾಲು ಇರಲಿಲ್ಲ. ಪಾತ್ರೆ ಇತ್ತು, ಆದರೆ ಅದು ಪಾತ್ರೆಯೆಂದು ಹೇಳಲು ಸಾಕ್ಷಿ ಬೇಕಿತ್ತು. ಅತ್ತಿ ಗ್ಯಾಸ್ ಆರಿಸಿ, "ಸಕ್ಕರಿ ಇದ್ದೋರಿಗೆ ಕರಿ ಚಹಾನೇ ಛಲೋ," ಎಂದಳು.

ಇನ್ನು ಅವಳಿಗೆ ಹೆಸರು ನೆನಪಿರುತ್ತಿರಲಿಲ್ಲ, ಹುಟ್ಟಿದಾಗಿನ ತೂಕ ನೆನಪಿರುತ್ತಿತ್ತು! ಹುರಿಮೀಸೆಯ ಒಬ್ಬ ತರುಣ ಕರಿ ಕನ್ನಡಕ ಹಾಕಿ, ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರ್ಯಾಕ್ಟರ್‌ನಲ್ಲಿ ಬರುತ್ತಿದ್ದ. ಅತ್ತಿ ದಾರಿಗಡ್ಡ ನಿಂತಳು. "ಏ ಒಂದೂವರಿ ಕೆಜಿ! ನಿಧಾನ ಹೊಡಿ!"

ಪಾಪ, ಅವನ ಮೀಸೆಯೇ ಇಳಿದುಹೋಯಿತು. "ಬಾಯಾರ, ಈಗರ ಹೆಸರು ಹಿಡಿದು ಕರೀರಿ."

"ಎಷ್ಟು ಮಂದಿ ಹೆಸರು ನೆನಪಿಡಲಿ? ನಿನ್ನ ತೂಕದಾಂವ ನೀ ಒಬ್ಬನೇ!"

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಹೀಗೆ ಐದು ಕಿಲೋಮೀಟರಿಗೆ ಎರಡು ತಾಸು. ಶಾಲೆಗೆ ನಾನು ತಡವಾಗದ ದಿನವೇ ಇರಲಿಲ್ಲ.

ಎರಡು ವರ್ಷದ ಮೇಲೆ ಯಾದಗಿರಿಗೆ ವರ್ಗವಾಯಿತು. ಇಲ್ಲೂ ಓಡುತ್ತೇನೆ, ಮೈದಾನದ ಸುತ್ತ. ಅದೂ ದುಂಡಗೇ ಇದೆ. ಆದರೆ ಯಾರೂ ತಡೆದು ಮಾತಾಡಿಸುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮುಗಿಸಿ ಬಂದು ಎಂಟು ಗಂಟೆಯ ಫೋನಿಗೆ ಕಾಯುತ್ತಿದ್ದೆ. ಅತ್ತಿ ಏದುಸಿರು ಬಿಡುತ್ತಲೇ ಶುರು ಮಾಡುವಳು: "ಈಗ ಬಂದೆ ನೋಡವ್ವ. ಕಾಲುವಿಗೆ ನೀರು ಬಿಟ್ಟಾರ. ತೊಗರಿ ಹೂ ಬಿಟ್ಟದ, ಹೊಲ ಎಲ್ಲಾ ಹಳದಿ." ನಾನು ಕಣ್ಣು ಮುಚ್ಚಿಕೊಂಡು ಅವಳ ಹಿಂದೆ ಸುತ್ತು ಹಾಕುತ್ತಿದ್ದೆ. ಒದ್ದೆ ದಂಡೆಯ ವಾಸನೆ ಕೂಡ ಬರುತ್ತಿತ್ತು. ಎಂಟು ತಿಂಗಳು ಹೀಗೇ ಕಳೆಯಿತು.

ಒಂದು ಭಾನುವಾರ ತಡೆಯಲಾಗಲಿಲ್ಲ. ಅವಳಿಗೆ ಹೇಳದೆ ಮೊದಲ ಬಸ್ಸು ಹತ್ತಿದೆ. ಸುರಪುರದಲ್ಲಿಳಿದು ಆಟೋ ಹಿಡಿದು ನೇರ ಆ ಹಳ್ಳಿಗೆ ಹೋಗಿ, ಚಹಾದಂಗಡಿಯಲ್ಲಿ ಕಾಯುತ್ತ ಕುಳಿತೆ. ದಾರಿಯಲ್ಲೇ ಹಿಡಿದು ಚಕಿತಗೊಳಿಸಬೇಕು! ಏಳಾಯಿತು. ಏಳೂಕಾಲೂ ಆಯಿತು.

"ಬಾಯಾರ ಇನ್ನೂ ಬರಲಿಲ್ಲಲ್ಲಕ್ಕ?" ಎಂದೆ ಅಂಗಡಿಯವಳಿಗೆ.

ಅವಳು ಲೋಟ ತೊಳೆಯುವುದು ನಿಲ್ಲಿಸಿದಳು. "ನೀ ಊರು ಬಿಟ್ಟ ತಿಂಗಳೇ ಅವರ ಮೊಳಕಾಲು ಹಿಡ್ಕೊಂಡಾವಲ್ಲವ್ವ. ಈ ಕಡಿ ಬಂದೇ ಇಲ್ಲ. ದಿನಾ ಮುಂಜಾನಿ ನನಗ ಫೋನ್ ಮಾಡಿ ಕೇಳ್ತಾರ, ಕಾಲುವಿಗೆ ನೀರು ಬಂತೇನು, ತೊಗರಿ ಹೆಂಗದ, ಯಾರ ಸೊಸಿ ಬಸರಾದ್ಲು ಅಂತ. ನಿನಗ ಗೊತ್ತಿಲ್ಲೇನು?"

ಚಹಾ ಅಲ್ಲೇ ಬಿಟ್ಟೆ. ಗದ್ದೆ ಬಳಸಿ ಉಳಿದರ್ಧ ದಾರಿ ನಿಜವಾಗಿ ಓಡಿದ್ದು ಅವತ್ತೇ ಇರಬೇಕು. ಮನೆಯ ಬಾಗಿಲು ತೆರೆದಿತ್ತು. ಅತ್ತಿ ನನಗೆ ಬೆನ್ನು ಮಾಡಿ, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದಳು. ಫೋನ್ ಕಿವಿಗಿಟ್ಟುಕೊಂಡು ಒಂದೆರಡು ಸಲ ಜೋರಾಗಿ ಉಸಿರೆಳೆದು ಬಿಟ್ಟಳು. ನನ್ನ ಕೈಯಲ್ಲಿದ್ದ ಫೋನ್ ರಿಂಗಾಯಿತು.

ಅವಳು ಹೊರಳಿ ನೋಡಿದಳು.

"ಯಾಕ ಸುಳ್ಳ ಹೇಳಿದಿ ಅತ್ತಿ?"

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ಮೊಳಕಾಲಿನ ಸುದ್ದಿ ಎಷ್ಟು ದಿನ ಕೇಳ್ತಿದ್ದಿ ನೀ? ಒಂದು ವಾರ, ಎರಡು ವಾರ. ಆಮ್ಯಾಲ?"

ಸ್ಟೂಲು ಸರಿಸಿ ನೆಲಕ್ಕೆ ಕುಳಿತು, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ನಿನ್ನ ಕೈ ತಣ್ಣಗವ," ಎಂದಳು. ಕಾಲು ಮಾತ್ರ ಎಳೆದುಕೊಳ್ಳಲಿಲ್ಲ.