ನೀವು ಗೆಲ್ಲುತ್ತಿದ್ದೀರಿ, ನಾನು ಡಾಲಸ್‌ನಲ್ಲಿದ್ದೇನೆ

ಲಿಯಾಂಡರ್ ಪೆಕನ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಅವರಿಗೆ,

ಮಾನ್ಯರೇ, ಗೆದ್ದುಬಿಟ್ಟಿರಿ, ಸತತ ಒಂಬತ್ತನೆಯ ಸಲ ಗೆದ್ದುಬಿಟ್ಟಿರಿ, ಮುಂದಿನ ಸೀಸನ್‌ನಲ್ಲಿ ಇಡೀ ಟೆಕ್ಸಸ್ಸನ್ನು ಬೆಚ್ಚಿಬೀಳಿಸುವ ತಂಡ ನಿಮ್ಮದೇ ಎಂದು ನಾನು ಈ ಮೂಲಕ ಘೋಷಿಸುತ್ತಿದ್ದೇನೆ! ತಮಗೂ, ತಮ್ಮ ಮನೆಯವರಿಗೂ, ತಮ್ಮ ಪಿಚರ್‌ಗಳ ಚೆಂಡೆಸೆಯುವ ಕೈಗಳಿಗೂ ಅನಂತ ವಂದನೆಗಳು. ವಂದನೆ ಮೊದಲು ಬರಬೇಕಿತ್ತು, ಸುದ್ದಿ ಆಮೇಲೆ. ಆದರೆ ನನಗೆ ಮದುವೆಯಾಗಿ ಇನ್ನೂ ಮೂರು ತಿಂಗಳು, ಯಾವುದನ್ನೂ ಕ್ರಮವಾಗಿ ಹೇಳುವ ಸ್ಥಿತಿಯಲ್ಲಿ ನಾನಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡದಲ್ಲಿ ಬರೆದ ಕೊನೆಯ ಪತ್ರ ಎಂಟನೆಯ ತರಗತಿಯದು, ಜ್ವರವೆಂದು ಎರಡು ದಿನ ರಜೆ ಕೋರಿ ಮುಖ್ಯೋಪಾಧ್ಯಾಯಿನಿಯವರಿಗೆ. ಜ್ವರವಿರಲಿಲ್ಲ. ಈ ಪತ್ರದಲ್ಲಿ ಮಾತ್ರ ಎಲ್ಲವೂ ನಿಜ. ತಮಗೆ ಇದನ್ನು ಮೊದಲು ಇಂಗ್ಲಿಷಿನಲ್ಲೇ ಬರೆದಿದ್ದೆ. ಎರಡೇ ನಿಮಿಷದಲ್ಲಿ ತಮ್ಮ ಕಚೇರಿಯ ಕಂಪ್ಯೂಟರ್ ನನ್ನ ಅಭಿಮಾನಕ್ಕೆ ಧನ್ಯವಾದ ಹೇಳಿ ಒಂದು ಹಾಟ್‌ಡಾಗ್ ಕೂಪನ್ ಕಳಿಸಿತು. ನಾವು ಸಸ್ಯಾಹಾರಿಗಳು. ಅಷ್ಟರಲ್ಲಿ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡಿಗರು ಓದುವ ನಮ್ಮ ಕೂಟದ ಪತ್ರಿಕೆಯವರು ‘ಸೋತು ಸುಣ್ಣವಾದ ಯಾವ ಬೇಸ್‌ಬಾಲ್ ತಂಡ ಮುಂದಿನ ಸೀಸನ್‌ನಲ್ಲಿ ಎದ್ದು ನಿಲ್ಲಬಹುದು?’ ಎಂದು ಓದುಗರನ್ನು ಕೇಳಿದರು. ಉತ್ತರವನ್ನೂ ದೂರನ್ನೂ ಒಂದೇ ಲಕೋಟೆಯಲ್ಲಿ ಹಾಕುತ್ತಿದ್ದೇನೆ.

ದೂರು ಇಷ್ಟೇ: ತಾವು ಗೆಲ್ಲುತ್ತಿರುವುದರಿಂದ ನನಗೆ ನನ್ನ ಮನೆಗೆ ಹೋಗಲಾಗುತ್ತಿಲ್ಲ.

ನನ್ನ ಗಂಡ ಅಭಿರಾಮ ಕೆಲಸ ಮಾಡುವುದು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ, ಮನೆ ತೆಗೆದುಕೊಂಡಿರುವುದು ಲಿಯಾಂಡರ್‌ನಲ್ಲಿ. ಕಾರಣ ಕೇಳಿದವರಿಗೆಲ್ಲ ಅಲ್ಲಿ ಒಳ್ಳೆಯ ಸ್ಕೂಲ್‌ಗಳಿವೆ ಎನ್ನುತ್ತಾನೆ. ಮಕ್ಕಳಿಲ್ಲದವನಿಗೆ ಸ್ಕೂಲ್ ಯಾಕೆಂದು ಯಾರೂ ಕೇಳಿಲ್ಲ. ನಿಜವಾದ ಕಾರಣ, ತಮ್ಮ ಮೈದಾನ ಅಲ್ಲಿಂದ ಆರು ನಿಮಿಷದ ಡ್ರೈವ್. ಏಳು ವರ್ಷದಿಂದ ತಮ್ಮ ತಂಡ ಪಟ್ಟಿಯ ತಳ ಬಿಟ್ಟು ಕದಲಿಲ್ಲ, ಏಳು ವರ್ಷದಿಂದ ಅವನೂ ‘ನೆಕ್ಸ್ಟ್ ಇಯರ್ ನೋಡ್ತಿರಿ’ ಎನ್ನುವುದನ್ನು ಬಿಟ್ಟಿಲ್ಲ. ಮೈಸೂರಿನಲ್ಲಿ ನಮ್ಮ ಮುಹೂರ್ತ ಬೆಳಗ್ಗೆ ಏಳೂವರೆಗೆ, ಅಂದರೆ ತಮ್ಮಲ್ಲಿ ಹಿಂದಿನ ದಿನದ ಪಂದ್ಯದ ಕೊನೆಯ ಇನಿಂಗ್. ಅಂತರಪಟದ ಆ ಕಡೆ, ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದುಕೊಂಡು, ವರಮಹಾಶಯ ಪಕ್ಕದ ಸ್ನೇಹಿತನನ್ನು ‘ಏನಾಯ್ತೋ?’ ಎಂದು ಕೇಳಿದನಂತೆ. ಆತ ‘ಹನ್ನೊಂದು–ಎರಡು ಕಣೋ, ಸೋತ್ರು’ ಎಂದನಂತೆ. ಇದೊಂದೂ ತಿಳಿಯದ ನಾನು, ಅಂತರಪಟ ಸರಿದಾಗ ಎದುರಿಗೆ ಕಂಡ ಆ ಬಾಡಿದ ಮುಖ ನೋಡಿ, ನನ್ನ ಮೂಗುತಿ ವಾರೆಯಾಗಿದೆಯೇನೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡೆ. ಆಲ್ಬಂನ ಆ ಫೋಟೋದ ಪ್ರತಿಯನ್ನು ತಮ್ಮ ಕಚೇರಿಯ ಗೋಡೆಗೆ ಕಳಿಸಲಿದ್ದೇನೆ, ಟ್ರೋಫಿಗಳ ಜಾಗ ಹೇಗೂ ಖಾಲಿಯಿದೆಯಲ್ಲ.

ಆದರೂ ಮಾನ್ಯರೇ, ಲಿಯಾಂಡರ್‌ಗೆ ಬಂದ ಮೇಲೆ ನಾನು ಅವನ ಜೊತೆ ತಮ್ಮ ಒಂಬತ್ತು ಪಂದ್ಯಗಳನ್ನು ನೋಡಿದೆ, ಒಂಬತ್ತೂ ಸೋತಿರಿ, ಮತ್ತು ಅದಕ್ಕಿಂತ ಸುಖದ ಸಂಜೆಗಳನ್ನು ನಾನು ಕಂಡಿಲ್ಲ. ಸುಡುವ ತಗಡಿನ ಬೆಂಚು, ಪೆಕನ್ ಕಾಯಿಯ ವೇಷ ತೊಟ್ಟು ಕುಣಿಯುವ ತಮ್ಮವರು, ಒಂದೇ ಲೋಟದಲ್ಲಿ ಎರಡು ಸ್ಟ್ರಾ. ಸ್ಟ್ಯಾಂಡ್‌ಗೆ ಬಂದ ಚೆಂಡನ್ನು ಮನೆಗೆ ಒಯ್ಯಬಹುದೆಂದು ತಿಳಿಯದೆ, ಕ್ರಿಕೆಟ್ಟಿನ ಸಂಸ್ಕಾರದಿಂದ ನಾನು ಅದನ್ನು ಭಕ್ತಿಯಿಂದ ಮೈದಾನಕ್ಕೆ ಮರಳಿ ಎಸೆದದ್ದನ್ನು ತಮ್ಮ ಫಸ್ಟ್ ಬೇಸ್‌ನವರು ಮರೆತಿರಲಾರರು. ಅವರ ತಲೆಯ ಊತ ಇಳಿದಿದೆ ಎಂದು ಭಾವಿಸುತ್ತೇನೆ.

ಅಷ್ಟರಲ್ಲಿ ಆಷಾಢ ಬಂತು. ತಮ್ಮ ಕ್ಯಾಲೆಂಡರಿನಲ್ಲಿ ಇದಿಲ್ಲವಾದ್ದರಿಂದ ತಿಳಿಸುವುದೇನೆಂದರೆ, ನಮ್ಮಲ್ಲಿ ಹೊಸದಾಗಿ ಮದುವೆಯಾದವಳು ಮೊದಲ ಆಷಾಢದಲ್ಲಿ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಅತ್ತೆ ಲಲಿತಮ್ಮನವರು ಆರು ತಿಂಗಳಿಗೆಂದು ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ನಾನು ಗ್ಯಾರೇಜಿನ ಬಾಗಿಲಿಂದ ಓಡಾಡುತ್ತೇನೆ, ಅದಕ್ಕೆ ಹೊಸ್ತಿಲೇ ಇಲ್ಲ ಎಂದು ವಾದಿಸಿ ನೋಡಿದೆ. ನಡೆಯಲಿಲ್ಲ. ತವರು ಬೆಂಗಳೂರಾಯಿತು, ದೂರ. ಹಾಗಾಗಿ ಡಾಲಸ್‌ನಲ್ಲಿರುವ ನನ್ನ ಒಡಹುಟ್ಟಿದ ನಿಶಿತಕ್ಕನ ಮನೆಯನ್ನೇ ಈ ವರ್ಷದ ಮಟ್ಟಿಗೆ ತವರೆಂದು ಅತ್ತೆ ಮಾನ್ಯ ಮಾಡಿದರು. ಅಭಿ ನನ್ನನ್ನು ಬಿಟ್ಟು ವಾಪಸ್ ಹೋದ ಸಂಜೆ ತಾವು ಗೆದ್ದಿರಿ. ಮರುದಿನ ಗೆದ್ದಿರಿ. ಆರು ಗೆದ್ದು ಮೂವತ್ತೊಂದು ಸೋತಿದ್ದ ತಂಡ ಅಲ್ಲಿಂದ ಈಚೆಗೆ ಇಪ್ಪತ್ತೈದರಲ್ಲಿ ಇಪ್ಪತ್ತು ಗೆದ್ದಿದೆ.

ಆಷಾಢದ ಮೂರನೆಯ ವಾರ ತಾವು ಡಾಲಸ್ ಬಳಿಯ ಮೈದಾನಕ್ಕೆ ಆಡಲು ಬಂದಿರಿ. ಅಭಿಯೂ ಅತ್ತೆಯೂ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಪೆಕನ್ಸ್ ಟೀ ಶರ್ಟ್ ತೊಟ್ಟು, ಮಲ್ಲಿಗೆ ಮುಡಿದು, ಗೇಟಿನಲ್ಲಿ ಒಂದು ಗಂಟೆ ಮೊದಲೇ ನಿಂತಿದ್ದೆ. ಅವನು ಬಂದ, ಕೈ ಹಿಡಿದ, ಅವನ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ. ಆಮೇಲೆ ಹೇಳಿದ: ‘ಹರ್ಷಿ, ಬೇಜಾರ್ ಮಾಡ್ಕೋಬೇಡ ಕಣೇ. ನೀನು ಆ ಟೀಮಿನವ್ರ ಸೈಡಲ್ಲಿ ಕೂತ್ಕೋತೀಯಾ?’

ಕೂತೆ. ಮುನ್ನೂರು ಜನ ಎದುರಾಳಿಗಳ ನಡುವೆ ತಮ್ಮ ಪೆಕನ್ ಕಾಯಿಯನ್ನು ಎದೆಯ ಮೇಲೆ ಧರಿಸಿ ಒಬ್ಬಳೇ ಕೂತೆ. ಎರಡನೆಯ ಇನಿಂಗ್ ಮುಗಿಯುವಷ್ಟರಲ್ಲಿ ಅತ್ತೆ ಮಗನನ್ನು ಅಲ್ಲೇ ಬಿಟ್ಟು, ಕೋಡುಬಳೆ ಡಬ್ಬಿಯೊಂದಿಗೆ, ಇಡೀ ಮೈದಾನ ಸುತ್ತಿಕೊಂಡು ನನ್ನ ಪಕ್ಕ ಬಂದು ಕುಳಿತರು. ‘ಅತ್ತೆ, ಆಷಾಢ!’ ಎಂದು ನಾನು ಗಾಬರಿಯಾದರೆ, ಅವರು ಸುತ್ತ ನೋಡಿ, ‘ಇಲ್ಲಿ ಹೊಸ್ತಿಲೆಲ್ಲಿದೆ, ಸೂರೆಲ್ಲಿದೆ? ತಿನ್ನು ಸುಮ್ನೆ’ ಎಂದರು. ತಾವು ಏಳು–ಮೂರರಿಂದ ಗೆದ್ದಿರಿ. ಹೊರಗೆ ಬರುವಾಗ ನನ್ನ ಗಂಡನ ಸಂಭ್ರಮ ಹೇಳತೀರದು: ‘ನೋಡಿದ್ಯಾ! ನೀನು ಆ ಕಡೆ ಕೂತಿದ್ದಕ್ಕೆ!’

ಆಷಾಢ ಮುಗಿಯಿತು, ಶ್ರಾವಣ ಬಂತು, ಪೆಟ್ಟಿಗೆ ಕಟ್ಟಿದೆ. ಫೋನು ಬಂತು: ‘ಇನ್ನೊಂದ್ ನಾಲ್ಕು ದಿನ ಅಲ್ಲೇ ಇರ್ತೀಯಾ? ಸ್ಟ್ರೀಕ್ ನಡೀತಿದೆ, ಸಾಲಾಗಿ ಗೆಲ್ತಿದಾರೆ.’ ನಾಲ್ಕು ದಿನ ಕಳೆಯಿತು, ಮತ್ತೆ ನಾಲ್ಕು ದಿನ. ಅಭಿಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೆ ಕೊನೆಯ ವಿಕೆಟ್ ಜೋಡಿ ಆಡುತ್ತಿರುವಾಗ ಮನೆಯಲ್ಲಿ ಯಾರೂ ಕೂತ ಜಾಗ ಬಿಟ್ಟು ಏಳಬಾರದು, ಬಾತ್‌ರೂಮಿಗೂ ಕೂಡದು ಎಂಬ ಶಿಸ್ತಿನಲ್ಲಿ ಬೆಳೆದ ಹುಡುಗ. ಅವನ ಮಟ್ಟಿಗೆ ನಾನು ಈಗ ಜಾಗ ಬಿಟ್ಟು ಏಳಬಾರದವಳು.

ಇಲ್ಲಿಯವರೆಗೆ ತಮ್ಮ ತಪ್ಪು ಏನೂ ಇಲ್ಲ. ತಪ್ಪಾದದ್ದು ಕಳೆದ ವಾರ, ತಾವು ಸ್ಥಳೀಯ ರೇಡಿಯೋದಲ್ಲಿ ‘ನಾವು ಏನನ್ನೂ ಬದಲಾಯಿಸಿಲ್ಲ, ಯಾಕೆ ಗೆಲ್ಲುತ್ತಿದ್ದೇವೋ ನನಗೇ ಗೊತ್ತಿಲ್ಲ’ ಎಂದು ವಿನಯದಿಂದ ನಕ್ಕಾಗ. ಮಾನ್ಯರೇ, ತಮ್ಮ ವಿನಯ ನನ್ನ ಸಂಸಾರದ ಮೇಲೆ ಬಿತ್ತು! ‘ಮ್ಯಾನೇಜರ್‌ಗೇ ಗೊತ್ತಿಲ್ವಂತೆ ನೋಡು’ ಎಂದು ಅಭಿ ಆ ತುಣುಕನ್ನು ನನಗೆ ಮೂರು ಸಲ ಕಳಿಸಿದ. ತಮಗೆ ಗೊತ್ತಿಲ್ಲದಿದ್ದರೆ ನನಗೆ ಗೊತ್ತಿದೆ. ಗಂಡನಿಲ್ಲದ ಊರಿನಲ್ಲಿ ಹೊತ್ತು ಹೋಗದೆ ನಾನು ತಮ್ಮ ಅರವತ್ತೆರಡು ಪಂದ್ಯಗಳ ವಿವರವನ್ನೂ ಓದಿದ್ದೇನೆ. ತಮ್ಮ ಹೊಸ ಕ್ಯಾಚರ್ ಶುಗರ್ ಲ್ಯಾಂಡ್ ಊರಿನ ತಂಡದಿಂದ ಬಂದು ತಂಡ ಸೇರಿದ್ದು, ನಾನು ಲಿಯಾಂಡರ್ ಬಿಟ್ಟ ದಿನವೇ. ಅಲ್ಲಿಯವರೆಗೆ ಎದುರಾಳಿಗಳು, ಪಿಚರ್ ಚೆಂಡೆಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ, ತಮ್ಮ ಬೇಸ್‌ಗಳನ್ನು ಹಿತ್ತಲಿನಲ್ಲಿ ಅಡ್ಡಾಡಿದಂತೆ ಕದಿಯುತ್ತಿದ್ದರು. ಆತ ಬಂದ ಮೇಲೆ ಕದಿಯಲು ಹೋದವರಲ್ಲಿ ಮುಕ್ಕಾಲು ಜನ ಸಿಕ್ಕಿಬಿದ್ದಿದ್ದಾರೆ. ಆತ ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಧೈರ್ಯಕ್ಕೇ ತಮ್ಮ ಎಡಗೈ ಪಿಚರ್ ಕೆಳಗೆ ಬೀಳುವ ಚೆಂಡನ್ನು ಎಸೆಯಲು ಶುರುಮಾಡಿದ್ದು. ಶಾರ್ಟ್‌ಸ್ಟಾಪ್‌ನವರ ಪಾದದ ಉಳುಕು ವಾಸಿಯಾದದ್ದು ಕೂಡ ಅದೇ ವಾರ. ಈ ಸೀಸನ್‌ನಲ್ಲಿ ಕಪ್ ಸಿಗುವುದಿಲ್ಲ, ಮೊದಲಿನ ಸೋಲುಗಳ ಭಾರ ಹೆಚ್ಚಾಯಿತು. ಆದರೆ ಈ ಮೂವರೂ ಮುಂದಿನ ವರ್ಷಕ್ಕೂ ಇರುತ್ತಾರೆ. ಪತ್ರಿಕೆಯವರ ಪ್ರಶ್ನೆಗೆ ಇದೇ ನನ್ನ ಉತ್ತರ. ಕಾಲ್ಗುಣ ಅಂತ ಒಂದಿದ್ದರೆ ಅದು ತಮ್ಮ ಕ್ಯಾಚರ್‌ದು.

ಈ ಲೆಕ್ಕಾಚಾರವನ್ನೆಲ್ಲ ಮೊನ್ನೆ ಫೋನಿನಲ್ಲಿ ಅಭಿಗೆ ಓದಿ ಹೇಳಿ, ಇನ್ನೇನು ಅಡ್ಡಿ ಎಂದು ಕೇಳಿದೆ. ಅವನು ಹೇಳಿದ: ‘ನೀನು ಬಂದ್ ದಿನ ಸೋತ್ರೆ ಎಲ್ರೂ ನಿನ್ ಕಾಲ್ಗುಣ ಅಂತಾರೆ ಹರ್ಷಿ. ಅದು ನಿಂಗೆ ಅಂಟ್ಕೊಳ್ಳುತ್ತೆ. ಸೀಸನ್ ಮುಗ್ದು ಹೋಗ್ಲಿ ಅಂತ ಅಷ್ಟೇ.’ ಕೂಟದ ವಾಟ್ಸಾಪ್ ಗುಂಪಿನಲ್ಲಿ ಭಾನುಮತಿ ಆಂಟಿಯವರು ‘ಸೊಸೆ ಆಚೆ, ಗೆಲುವು ಒಳಗೆ!’ ಎಂದು ಬರೆದು, ಕೆಳಗೆ ಏಳು ನಗುವ ಮುಖಗಳನ್ನು ಹಾಕಿದ್ದಾರಂತೆ. ಅದನ್ನು ನನ್ನಿಂದ ಎರಡು ವಾರ ಮುಚ್ಚಿಟ್ಟಿದ್ದ. ನನಗೆ ಮೊದಲು ಅವನ ಮೇಲೆ ಪ್ರೀತಿ ಉಕ್ಕಿತು, ಮರುಕ್ಷಣ ಮೈಯೆಲ್ಲ ಉರಿಯಿತು. ‘ಹಾಗಾದ್ರೆ ನಾನು ಬಂದ್ಮೇಲೆ ಗೀಸರ್ ಕೆಟ್ರೂ ನಂದೇನಾ? ನಿನ್ ಆಫೀಸಲ್ಲಿ ಲೇಆಫ್ ಆದ್ರೂ ನಂದೇನಾ? ಎಷ್ಟು ದಿನ ಅಂತ ಬಚ್ಚಿಡ್ತೀಯ ನನ್ನ?’ ಎಂದೆ.

ಆ ಕಡೆ ಅತ್ತೆ ಫೋನು ಕಸಿದುಕೊಂಡರು. ‘ಅವನ ಟೀಮು ಸೋತ್ರೆ ಸೋಲ್ಲಿ ಕಣಮ್ಮ. ನಾನು ಕಾಲಿಟ್ಟ ವರ್ಷ ನಿಮ್ಮ ಮಾವಂಗೆ ಪ್ರಮೋಷನ್ ತಪ್ಪೋಯ್ತು. ಹತ್ತು ವರ್ಷ ಎಲ್ರೂ ನನ್ನ ಕಾಲೇ ನೋಡಿದ್ರು, ನಾನೂ ಬಗ್ಗಿ ಬಗ್ಗಿ ಅದನ್ನೇ ನೋಡ್ಕೊಂಡೆ. ನೀನು ನೋಡ್ಕೋಬೇಡ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೇಲಿರು.’ ಮಾನ್ಯರೇ, ಐದು ವಾರಗಳಲ್ಲಿ ನಾನು ಅತ್ತದ್ದು ಆಗ ಮಾತ್ರ. ಅತ್ತು ಮುಗಿಸಿ ಈ ಪತ್ರಕ್ಕೆ ಕೂತೆ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಕೋರಿಕೆಗಳು. ಗೆಲುವಿಗೆ ಕಾರಣ ಕ್ಯಾಚರೇ ಹೊರತು ಹರ್ಷಿಣಿ ಊರಲ್ಲಿಲ್ಲದಿರುವುದಲ್ಲ ಎಂದು ತಮ್ಮ ದೊಡ್ಡ ಸ್ಕೋರ್‌ಬೋರ್ಡಿನಲ್ಲಿ, ಸಾಧ್ಯವಾದರೆ ಕನ್ನಡದ ಅಕ್ಷರಗಳಲ್ಲಿ, ಭಾನುಮತಿ ಆಂಟಿಯವರು ಕನ್ನಡಕವಿಲ್ಲದೆ ಓದಬಹುದಾದ ಗಾತ್ರದಲ್ಲಿ ಪ್ರಕಟಿಸಬೇಕು. ಕ್ಯಾಚರ್ ಅವರನ್ನು ಒಂದು ಶುಭದಿನ ನಮ್ಮ ಮನೆಗೆ ಕಳಿಸಿಕೊಡಬೇಕು. ಅವರು ಮೊಳೆಯ ಬೂಟುಗಳನ್ನು ಹೊರಗೆ ಬಿಟ್ಟು, ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬಂದರೆ ಅತ್ತೆ ಆರತಿ ಎತ್ತುತ್ತಾರೆ, ಆಗ ಯಾರ ಕಾಲು ಯಾವುದಕ್ಕೆ ಕಾರಣ ಎಂಬುದು ಅಧಿಕೃತವಾಗಿ ಇತ್ಯರ್ಥವಾಗುತ್ತದೆ. ಮುಂದಿನ ವರ್ಷದಿಂದ ಆಷಾಢದಲ್ಲಿ ಆಟವನ್ನೇ ನಿಲ್ಲಿಸಬೇಕು, ಅದಾಗದಿದ್ದರೆ ಎಲ್ಲ ತಂಡಗಳ ಹೊಸ ಸೊಸೆಯರನ್ನೂ ತವರಿಗೆ ಕಳಿಸಬೇಕು, ಯಾರಿಗೂ ಅನ್ಯಾಯವಾಗಬಾರದು. ಇವೊಂದೂ ತಮ್ಮಿಂದಾಗದಿದ್ದರೆ ರೇಡಿಯೋದಲ್ಲಿ ‘ಗೊತ್ತಿಲ್ಲ’ ಅನ್ನುವುದನ್ನಾದರೂ ಬಿಡಬೇಕು. ಎಲ್ಲವನ್ನೂ ಹೆಂಗಸೊಬ್ಬಳ ತಲೆಗೆ ಕಟ್ಟುವವರಿಗೆ ಆ ಒಂದು ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಮುಂದಿನ ಸೀಸನ್‌ನ ಪ್ರತಿಯೊಂದು ಪಂದ್ಯಕ್ಕೂ ನಾನು ಬರುತ್ತೇನೆ, ತಮ್ಮ ಕಡೆಯ ಬೆಂಚಿನಲ್ಲಿ, ನನ್ನ ಗಂಡನ ಪಕ್ಕದಲ್ಲೇ ಕೂರುತ್ತೇನೆ. ತಾವು ಗೆದ್ದರೆ ತಮ್ಮ ಗೆಲುವು, ಸೋತರೆ ತಮ್ಮ ಸೋಲು. ಎರಡರಲ್ಲೂ ನನಗೆ ಪಾಲು ಬೇಡ, ಪಾಪ್‌ಕಾರ್ನ್ ಸಾಕು.

ತಮ್ಮ ತಂಡದ ಮೇಲೂ ತನ್ನ ಎರಡೂ ಕಾಲುಗಳ ಮೇಲೂ ಪೂರ್ಣ ನಂಬಿಕೆಯುಳ್ಳ,
ತಮ್ಮ ವಿಶ್ವಾಸಿ,
ಹರ್ಷಿಣಿ ಅಭಿರಾಮ
(ಇನ್ನು ಮೂರು ದಿನದ ಮಟ್ಟಿಗೆ ಡಾಲಸ್)

ಬರೆಯುತ್ತ ಬಿಟ್ಟುಹೋದದ್ದು: ಹಬ್ಬದ ಹಿಂದಿನ ಸಂಜೆ ತಮಗೆ ಲಿಯಾಂಡರ್‌ನಲ್ಲೇ ಪಂದ್ಯವಿದೆ, ಗೊತ್ತಿದ್ದೇ ಆ ದಿನವನ್ನು ಆರಿಸಿಕೊಂಡಿದ್ದೇನೆ. ಅಭಿ ಮೊದಲ ಎರಡು ಇನಿಂಗ್ ತಪ್ಪಿಸಿಕೊಂಡು ನನ್ನನ್ನು ಕರೆತರಲು ಆಸ್ಟಿನ್ ರೈಲ್ವೆ ಸ್ಟೇಷನ್ನಿಗೆ ಬರುತ್ತಾನಂತೆ. ಏಳು ವರ್ಷದಲ್ಲಿ ಇದೇ ಮೊದಲು, ತಾವು ಬೇಸರಿಸಬಾರದು. ನನ್ನ ಕಾಲುಗಳನ್ನು ಪರೀಕ್ಷಿಸಬಯಸುವ ಕೂಟದ ಹಿರಿಯರು ಮೈದಾನದವರೆಗೆ ಕಾಯಬೇಕಾಗಿಲ್ಲ, ಸ್ಟೇಷನ್ನಿಗೇ ಬರಬಹುದು: ಗುರುವಾರ, ಮಧ್ಯಾಹ್ನ ಡಾಲಸ್ ಬಿಟ್ಟು ಸಂಜೆ ಆಸ್ಟಿನ್ ಸೇರುವ ಟೆಕ್ಸಸ್ ಈಗಲ್ ರೈಲು.