ಹೊಗೆಗೆ ಮಾತ್ರ ಮೀಸಲಾದ ಕಿಟಕಿ

ಸುತ್ತೋಲೆ ಸಂಖ್ಯೆ: ಬೆಂ.ನಂ/ಫ್ಯಾನ್/೪೭

ವಿಷಯ: ಉರಿಯುತ್ತಿರುವ ಕಟ್ಟಡದ ಹೊಗೆಯನ್ನು ಫ್ಯಾನಿನಿಂದ ಹೊರದೂಡುವಾಗ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: ೧) ಹೊಲಿಗೆ ಕಾರ್ಖಾನೆಯ ಬೆಂಕಿ. ೨) ಹಿರಿಯ ಅಧಿಕಾರಿಗಳ ಮೌಖಿಕ ಬೇಸರ.

ಉಲ್ಲೇಖ (೧)ರಲ್ಲಿ, ಹಿಂಬದಿಯ ಕಿಟಕಿ ತೆರೆಯುವ ಮೊದಲೇ ಹಿರಿಯ ಅಧಿಕಾರಿಗಳು ಮುಂಬಾಗಿಲಲ್ಲಿ ಫ್ಯಾನಿಗೆ ಚಾಲನೆ ನೀಡಿ ಕೃತಾರ್ಥರಾದರು. ಹೋಗಲು ದಾರಿಯಿಲ್ಲದ ಹೊಗೆ ಮತ್ತು ಉರಿ, ಒಳಗೆ ನೀರಿನ ಪೈಪು ಹಿಡಿದು ನಿಂತಿದ್ದ ನೌಕರನತ್ತಲೇ ತಿರುಗಿದವು. ಆಗ, ಅಗ್ನಿಶಾಮಕ ಠಾಣೆಯಲ್ಲಿ ಏಣಿಯಣ್ಣನೆಂದೇ ಪರಿಚಿತರಾದ ಏಣಿ ನೌಕರರೊಬ್ಬರು ಅನುಮತಿಯಿಲ್ಲದೆ ಫ್ಯಾನ್ ಆರಿಸಿ, ಹಿಂದಿನಿಂದ ಏಣಿ ಹತ್ತಿ, ಕೊಡಲಿಯಿಂದ ಕಿಟಕಿ ಒಡೆದು, ಸದರಿ ನೌಕರನನ್ನು ರಟ್ಟೆ ಹಿಡಿದು ಹೊರಗೆಳೆದರು. ನೌಕರನು ಬದುಕಿದ್ದು, ಆ ಬಗ್ಗೆ ಇಲಾಖೆಗೆ ಆಕ್ಷೇಪಣೆ ಇಲ್ಲ. ವಿಧಾನದ ಬಗ್ಗೆ ಇದೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಫ್ಯಾನನ್ನು ಹಾಕಿದವರೇ ಆರಿಸತಕ್ಕದ್ದು. ಅವರು ಚಹಾಕ್ಕೆ ತೆರಳಿದ್ದಲ್ಲಿ, ಬೆಂಕಿ ಸಮೇತ ಕಾಯತಕ್ಕದ್ದು.

೨. ಕಿಟಕಿ ಒಡೆಯಲು ಮಾಲೀಕರ ಲಿಖಿತ ಒಪ್ಪಿಗೆ ಅಗತ್ಯ. ಮಾಲೀಕರು ಒಳಗೇ ಸಿಕ್ಕಿಕೊಂಡಿದ್ದಲ್ಲಿ ಒಪ್ಪಿಗೆಪತ್ರವನ್ನು ಬಾಗಿಲ ಸಂದಿಯಿಂದ ತೂರಿಸಬಹುದು. ಅದೇ ಸಂದಿಯಿಂದ ಬರುವ ಹೊಗೆಯನ್ನು ಒಪ್ಪಿಗೆಯೆಂದು ಭಾವಿಸಬಾರದು.

೩. ಒಡೆದ ಕಿಟಕಿ ಹೊಗೆಗೆ ಮಾತ್ರ ಮೀಸಲು. ಸಿಬ್ಬಂದಿಯು ಒಳಹೋದ ಬಾಗಿಲಿನಿಂದಲೇ ಹೊರಬರತಕ್ಕದ್ದು. ಬಾಗಿಲು ಉರಿಯುತ್ತಿದ್ದಲ್ಲಿ, ಉರಿದು ಮುಗಿದ ಮೇಲೆ.

೪. ಒಳಗಿರುವವರು ಕೆಮ್ಮುವ ಮುನ್ನ ವಾಕಿಟಾಕಿಯಲ್ಲಿ ತಮ್ಮ ಹುದ್ದೆ ತಿಳಿಸತಕ್ಕದ್ದು. ಹುದ್ದೆ ತಿಳಿಯದ ಕೆಮ್ಮನ್ನು ಪರಿಗಣಿಸಲಾಗುವುದಿಲ್ಲ.

೫. ವಿಚಾರಣೆಯಲ್ಲಿ, ಕಿಟಕಿ ಒಡೆದದ್ದೇಕೆಂದು ಕೇಳಲಾಗಿ, ಏಣಿಯಣ್ಣನವರು ಬೊಬ್ಬೆ ಎದ್ದ ಅಂಗೈಯನ್ನು ಮೇಜಿನ ಮೇಲೆ ಚಾಚಿ, “ಒಳಗಿದ್ದೋನು ನನ್ನ ಭಾವಮೈದುನ ಸಾರ್. ಗಾಜು ನಾಳೆ ಹಾಕಿಸ್ಬೋದು. ಮನೇಲಿ ಅವನ ಅಕ್ಕಂಗೆ ನಾನೇನು ಹೇಳ್ಲಿ?” ಎಂದಿರುತ್ತಾರೆ. ಬೊಬ್ಬೆಯನ್ನು ದಾಖಲಿಸಲು ನಮೂನೆಯಲ್ಲಿ ಕಲಂ ಇಲ್ಲ. ಅಕ್ಕನ ವಿಷಯ ಅಪ್ರಸ್ತುತ. ಅವರನ್ನು ಇಂದಿನಿಂದ ಅಮಾನತಿನಲ್ಲಿಡಲಾಗಿದೆ.

೬. ಆದಾಗ್ಯೂ, ಪೈಪು ಹಿಡಿಯುವ ಹತ್ತೊಂಬತ್ತು ಮಂದಿಯೂ “ಹಿಂದುಗಡೆ ಏಣಿಯಣ್ಣ ನಿಂತಿದ್ರೇನೇ ನಾವು ಒಳಗೆ ಕಾಲಿಡೋದು” ಎಂದು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿರುತ್ತಾರೆ. ಹಿರಿಯ ಅಧಿಕಾರಿಗಳು, ಹಾಗಿದ್ದಲ್ಲಿ ತಾವೇ ಒಳಹೋಗಬೇಕಾಗುವ ಸಾಧ್ಯತೆಯನ್ನು ಅರ್ಧ ನಿಮಿಷ ಪರಿಶೀಲಿಸಿ, ಸದರಿ ಅಮಾನತನ್ನು ಬೆಂಕಿ ಇಲ್ಲದ ವೇಳೆಗೆ ಮಾತ್ರ ಸೀಮಿತಗೊಳಿಸಲು ಸಂತೋಷದಿಂದ ಒಪ್ಪಿರುತ್ತಾರೆ.

ಸಹಿ/-
(ಹಿರಿಯ ಅಧಿಕಾರಿಗಳ ಪರವಾಗಿ, ಅವರು ಓದಿರುವುದಿಲ್ಲ)

ಪ್ರತಿಗಳು:
೧. ಹಿರಿಯ ಅಧಿಕಾರಿಗಳಿಗೆ, ಫ್ಯಾನಿನ ಪಕ್ಕ ತೆಗೆಸಿಕೊಂಡ ಫೋಟೊ ಸಹಿತ.
೨. ಹೊಲಿಗೆ ಕಾರ್ಖಾನೆಯ ಮಾಲೀಕರಿಗೆ, ಕಿಟಕಿಯ ಬಗ್ಗೆ ಸಂತಾಪದೊಂದಿಗೆ.
೩. ಠಾಣೆಯ ಸೂಚನಾ ಫಲಕಕ್ಕೆ.
೪. ಏಣಿಯಣ್ಣನವರಿಗೆ. ಏಣಿಯ ಮೇಲಿದ್ದಲ್ಲಿ, ಇಳಿದ ನಂತರ.